ಬಿದ್ಗೊಶ್ಚಿನಿಂದ ಬಂದ ಅತಿಥಿ

ತೋರುನ್ ಪಟ್ಟಣವನ್ನು ನನ್ನಷ್ಟು ನಡೆದು ನೋಡಿದವರು ಯಾರೂ ಇಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ಇಪ್ಪತ್ತೆಂಟು ವರ್ಷ ಹಳೇಪೇಟೆಯಲ್ಲಿ ಮನೆಮನೆಗೆ ಅಂಚೆ ಹಂಚಿದವಳು ನಾನು. ಯಾವ ಮನೆಯ ಎಷ್ಟನೆಯ ಮೆಟ್ಟಿಲು ಅಲುಗುತ್ತದೆ, ಯಾವ ಓಣಿಯಲ್ಲಿ ಹೊಳೆಯ ಗಾಳಿ ಬಂದು ಲಂಗ ಎತ್ತುತ್ತದೆ, ಯಾವ ವಕೀಲರ ಕಚೇರಿಯ ಟಪಾಲು ಪೆಟ್ಟಿಗೆಯ ಹಿಂದೆ ಆರುನೂರು ವರ್ಷ ಹಳೆಯ ಚಿತ್ರವಿರುವ ಗೋಡೆ ಇದೆ, ಎಲ್ಲ ಗೊತ್ತು. ಇಲ್ಲೇ ಹುಟ್ಟಿದವರಿಗೆ ಇದ್ಯಾವುದೂ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅವರು ತಲೆಯೆತ್ತಿ ನೋಡುವುದೇ ಇಲ್ಲ.

ಆದರೆ ನಾನು ಹುಟ್ಟಿದ್ದು ಬಿದ್ಗೊಶ್ಚಿನಲ್ಲಿ. ಅದೊಂದೇ ನನ್ನ ತಪ್ಪು.

ಎರಡು ಊರಿಗೂ ನಡುವೆ ನಲವತ್ತೈದು ಕಿಲೋಮೀಟರು, ರೈಲಿನಲ್ಲಿ ಮುಕ್ಕಾಲು ಗಂಟೆ. ಜಗಳ ಮಾತ್ರ ಅಜ್ಜ ಮುತ್ತಜ್ಜರ ಕಾಲದ್ದು. ಪೋಲೆಂಡಿನ ಒಂದೇ ಪ್ರಾಂತ್ಯಕ್ಕೆ ಎರಡು ರಾಜಧಾನಿ ಮಾಡಿದ್ದಾರೆ ಅಂದಮೇಲೆ ನೀವೇ ತಿಳಿಯಿರಿ. ರಾಜ್ಯಪಾಲರು ಅಲ್ಲಿ, ವಿಧಾನಸಭೆ ಇಲ್ಲಿ, ಯಾಕೆಂದರೆ ಯಾರೂ ಒಬ್ಬರಿಗೊಬ್ಬರು ಬಗ್ಗಲಿಲ್ಲ. ಎರಡು ಊರಿನ ನಡುವೆ ಮೋಟಾರ್‌ಬೈಕು ಪಂದ್ಯ ಇದ್ದ ದಿನ ಸ್ಟೇಷನ್ನಿನಿಂದ ಮೈದಾನದವರೆಗೆ ಪೊಲೀಸರು ಸಾಲಾಗಿ ನಿಲ್ಲುತ್ತಾರೆ. ಅಂಥ ಒಂದು ಪಂದ್ಯದ ದಿನವೇ ನನಗೆ ಬೋಗುಮಿವ್ ಸಿಕ್ಕಿದ್ದು. ಅವನ ಊರಿನ ಬಾವುಟ ಅವನ ಕೈಯಲ್ಲಿ, ನಮ್ಮೂರಿನದು ನನ್ನ ಕೊರಳಲ್ಲಿ. ಆರು ತಿಂಗಳಲ್ಲಿ ಮದುವೆಯಾಯಿತು.

ಮದುವೆಯಾದ ಮೊದಲ ಕ್ರಿಸ್ಮಸ್ ಹಿಂದಿನ ಸಂಜೆ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಆ ಸಂಜೆ ಪ್ರತಿ ಮನೆಯಲ್ಲೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರಲ್ಲ, ದಾರಿ ತಪ್ಪಿ ಬಂದ ಅಪರಿಚಿತರಿಗೆ ಅಂತ. ನಾನು ಗಂಡನ ಪಕ್ಕ ಕೂರಲು ಹೋದೆ. ಅವನ ಅಕ್ಕ ಸಲೋಮೆಯಾ ಮೇಜಿನ ಕೊನೆಯ ಆ ಹೆಚ್ಚಿನ ತಟ್ಟೆ ತೋರಿಸಿ, "ನೀನು ಅಲ್ಲಿ ಕೂತ್ಕೊ. ಆ ಜಾಗ ಹೊರಗಿನಿಂದ ಬಂದವರಿಗೆ ಅಂತಾನೇ ಇಡೋದು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹನ್ನೆರಡು ಬಗೆಯ ಅಡುಗೆಯಲ್ಲಿ ಒಂದಕ್ಕೂ ರುಚಿ ಇರಲಿಲ್ಲ. ಮರುವರ್ಷವೂ ಅಲ್ಲೇ ಕೂರಿಸಿದರು, ಅದರ ಮರುವರ್ಷವೂ. ತಮಾಷೆ ಹಳೆಯದಾದಷ್ಟೂ ಅವರಿಗೆ ಪ್ರೀತಿ ಹೆಚ್ಚು.

ಸಲೋಮೆಯಾ ನನಗೆ ಅತ್ತಿಗೆ. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಮೂವತ್ತನಾಲ್ಕು ವರ್ಷದಿಂದ ವಾರಕ್ಕೊಂದು ಸಲ ನನ್ನ ಅಡುಗೆಮನೆಗೆ ಬರುತ್ತಾಳೆ, ಕೂರುತ್ತಾಳೆ, ಚಹಾ ಕುಡಿಯುತ್ತಾಳೆ, ನನ್ನ ತವರೂರನ್ನು ಬಯ್ಯುತ್ತಾಳೆ. ನಾನೇನು ಬಾಯಿಗೆ ಬೀಗ ಹಾಕಿಕೊಂಡು ಕೂರುವವಳಲ್ಲ. ನಾನು ಅವಳೂರನ್ನು ಬಯ್ಯುತ್ತೇನೆ.

"ಬಿದ್ಗೊಶ್ಚಲ್ಲಿ ನೋಡೋ ಅಂಥದ್ದು ಒಂದೇ ಕಣೇ, ತೋರುನ್‌ಗೆ ಬರೋ ರೈಲು."

"ಹೌದು ಅತ್ತಿಗೆ, ಆ ರೈಲು ಖಾಲಿ ಬಂದು ತುಂಬ್ಕೊಂಡು ವಾಪಸ್ ಹೋಗುತ್ತೆ. ಎಲ್ಲಾ ನಿಮ್ಮೂರಿನವರೇ, ವಿಮಾನ ಹತ್ತೋಕೆ. ನಿಮ್ಮಲ್ಲಿ ವಿಮಾನ ನಿಲ್ದಾಣ ಇಲ್ವಲ್ಲ, ಪಾಪ."

ಹೀಗೆ. ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂರುತ್ತಿದ್ದ.

ಹೋದ ವರ್ಷ ನನಗೆ ನಿವೃತ್ತಿಯಾಯಿತು. ಒಂದು ವಾರ ಮನೆಯಲ್ಲಿ ಕೂತೆ, ಕಾಲು ಜೋಮು ಹಿಡಿಯಿತು. ಎಂಟನೆಯ ದಿನ ಹೇಳಿಬಿಟ್ಟೆ, "ನಾನು ಪಟ್ಟಣದ ಗೈಡ್ ಪರೀಕ್ಷೆ ಕಟ್ತೀನಿ."

"ಯಾಕೆ?" ಅಂದ ಬೋಗುಮಿವ್. "ಈಗ ಕಾಯಿದೆ ಪ್ರಕಾರ ಪರೀಕ್ಷೆ ಏನೂ ಬೇಡ. ಒಂದು ಕೊಡೆ ಎತ್ತಿ ಹಿಡ್ಕೊಂಡು ಮುಂದೆ ನಡೆದ್ರೆ ನೀನೂ ಗೈಡೇ."

"ನನಗೆ ಬಿಲ್ಲೆ ಬೇಕು."

"ಬಿಲ್ಲೆ ಯಾಕೆ?"

"ನಿನ್ನ ಅಕ್ಕನ ಮುಂದೆ ಹಾಕ್ಕೊಂಡು ಓಡಾಡೋಕೆ."

ಅವನು ಪೇಪರು ಎತ್ತಿಕೊಂಡ. ಆ ಬಿಲ್ಲೆ ಊರಿನ ಗೈಡುಗಳ ಸಂಘ ಕೊಡುವಂಥದ್ದು, ಹಿತ್ತಾಳೆಯದು, ಅಂಗೈಯಷ್ಟು ಅಗಲ. ಅದರ ಮೇಲೆ ಪಟ್ಟಣದ ಗುರುತು, ಕೆಳಗೆ 'ತೋರುನ್' ಅನ್ನುವ ಹೆಸರು, ಅದರ ಕೆಳಗೆ ಬಿಲ್ಲೆ ಪಡೆದವರ ಹೆಸರು. ನನ್ನ ಹೆಸರು ಆ ಊರಿನ ಹೆಸರಿನ ಕೆಳಗೆ ಕೊರೆದಿರಬೇಕು. ನನಗೆ ಬೇಕಾಗಿದ್ದು ಅಷ್ಟೇ. ಆಮೇಲೆ ಯಾವ ಮೇಜಿನಲ್ಲಿ ಯಾವ ತಟ್ಟೆಗೆ ಕೂರಿಸಿದರೂ ನನಗೆ ಚಿಂತೆಯಿಲ್ಲ.

ತೊಂದರೆ ಒಂದೇ. ಆ ಸಂಘದ ಪರೀಕ್ಷಾ ಮಂಡಳಿಯ ಮುಖ್ಯಸ್ಥೆ ಸಲೋಮೆಯಾ. ನಾದಿನಿ ಅತ್ತಿಗೆ ಅಂತ ಸಂಬಂಧ ಇರುವವರು ಪರೀಕ್ಷೆ ಮಾಡಬಹುದೇ ಅಂತ ಸಂಘದಲ್ಲಿ ಯಾರೋ ಕೇಳಿದರಂತೆ. "ಅವಳು ನನಗೆ ಸಂಬಂಧ ಅಲ್ಲ, ಬಿದ್ಗೊಶ್ಚಿನವಳು" ಅಂದಳಂತೆ. ಅಲ್ಲಿಗೆ ಆಕ್ಷೇಪ ಮುಗಿಯಿತು.

ಚಳಿಗಾಲವಿಡೀ ಓದಿದೆ. ಗೈಡ್ ಕೆಲಸದಲ್ಲಿ ಓದಿಗಿಂತ ರೀತಿ ದೊಡ್ಡದು. ನಡೆಯುತ್ತಾ ಮಾತಾಡಬಾರದು, ನಿಂತು ಮಾತಾಡಬೇಕು. ಬಿಸಿಲು ನಮ್ಮ ಕಣ್ಣಿಗೆ ಬೀಳಬೇಕು, ಬಂದವರ ಕಣ್ಣಿಗಲ್ಲ. ಒಂದು ಜಾಗದಲ್ಲಿ ನಾಲ್ಕು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ಪ್ರತಿ ತಿರುವಿನಲ್ಲೂ ತಲೆ ಎಣಿಸಬೇಕು. ಎಲ್ಲಕ್ಕಿಂತ ಮೇಲೆ ಒಂದು ನಿಯಮ: ಅತಿಥಿಯ ಊರನ್ನು ತೆಗಳಬಾರದು. ತೆಗಳಿದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು, ಮಿಕ್ಕಿದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಸರಿಯೇ. ಆ ಸಾಲು ಓದಿ ನಾನು ಪುಟ ತಿರುಗಿಸಿದೆ. ಇಡೀ ಜೀವನ ಇನ್ನೊಬ್ಬರಿಂದ ಊರಿನ ಬೈಗುಳ ತಿಂದವಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ ಅಂದುಕೊಂಡೆ.

ಪರೀಕ್ಷೆ ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತಕ್ಕೆ. ಹೊರಡುವಾಗ ಬೋಗುಮಿವ್ ಬಾಗಿಲಲ್ಲಿ ನಿಲ್ಲಿಸಿ ಮೊಣಕಾಲಿನಿಂದ ಹಿಂಭಾಗಕ್ಕೆ ಒಂದು ಒದೆ ಕೊಟ್ಟ. ಪರೀಕ್ಷೆಗೆ ಹೋಗುವವರನ್ನು ಒದ್ದು ಕಳಿಸಿದರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಅದಕ್ಕೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಒದೆಯ ಫಲ ಹೋಯಿತು. ನಾನು ಹೇಳಲಿಲ್ಲ. "ಇನ್ನೂ ಸ್ವಲ್ಪ ಜೋರಾಗಿ ಒದಿ, ಎದುರಿಗೆ ಇರೋದು ನಿನ್ನ ಅಕ್ಕ" ಅಂದೆ.

ಹೊಸಪೇಟೆಯ ಚೌಕದಲ್ಲಿ ಮೂವರು ಕಾಯುತ್ತಿದ್ದರು. ವಲೆರಿಯನ್ ಅನ್ನುವ ನಿವೃತ್ತ ಇತಿಹಾಸದ ಮೇಷ್ಟ್ರು, ಒಂದು ಮೊಣಕಾಲು ಹೋಗಿರುವವರು. ಕಿಂಗಾ ಅನ್ನುವ ಮೂವತ್ತರ ಹುಡುಗಿ, ಸಂಘದಲ್ಲಿ ಹೊಸಬಳು. ಮತ್ತೆ ಸಲೋಮೆಯಾ, ಕೈಚೀಲವನ್ನು ಎರಡು ಕೈಯಲ್ಲೂ ಎದೆಗೆ ಒತ್ತಿಕೊಂಡು. ಪರೀಕ್ಷಕರು ಪ್ರವಾಸಿಗಳ ವೇಷ ಹಾಕುವುದು ಸಂಘದ ಪದ್ಧತಿ. ನಾನು ಅವರನ್ನು ನಡೆಸಿಕೊಂಡು ಹೋಗಬೇಕು, ಅವರು ನನ್ನ ಪ್ರಾಣ ಹಿಂಡಬೇಕು. ಯಾರು ಯಾವ ವೇಷ ಅಂತ ಮೊದಲೇ ಹೇಳುವುದಿಲ್ಲ. ಬಿಲ್ಲೆ ಇರುವವರು ಪರೀಕ್ಷೆಯ ಗುಟ್ಟನ್ನು ಹೊರಗೆ ಬಿಡುವುದೂ ಇಲ್ಲ.

"ನಮಸ್ಕಾರ, ನಾನು ಲುದ್ವಿಕಾ. ಮುಂದಿನ ಎರಡು ಗಂಟೆ ನಿಮ್ಮ ಜೊತೆ ಇರ್ತೀನಿ. ಕಲ್ಲು ಹಾಸಿನ ದಾರಿ, ಕಾಲ ಕಡೆ ಗಮನ ಇರಲಿ. ತಲೆ ಎತ್ತಬೇಕಾದಾಗ ನಾನೇ ಹೇಳ್ತೀನಿ."

ಕೋಟೆಯ ಕಡೆ ತಿರುಗುವ ಮೊದಲೇ ವಲೆರಿಯನ್ನರ ವೇಷ ತಿಳಿಯಿತು. "ಅಮ್ಮಾ, ಶೌಚಾಲಯ ಎಲ್ಲಿ?"

"ಐದು ನಿಮಿಷ ತಡ್ಕೊಳ್ಳಿ ಸ್ವಾಮಿ. ಇಡೀ ಪೋಲೆಂಡಿನಲ್ಲೇ ಅಷ್ಟು ದೊಡ್ಡದು ನೋಡಿರಲ್ಲ, ಅಂಥ ಶೌಚಾಲಯಕ್ಕೇ ಕರ್ಕೊಂಡು ಹೋಗ್ತಿದ್ದೀನಿ."

ಹೋಗಿ ನಿಲ್ಲಿಸಿದೆ. ಬಿಸಿಲು ನನ್ನ ಕಣ್ಣಿಗೆ. ಜರ್ಮನಿಯಿಂದ ಬಂದ ಶಿಲುಬೆಯ ಯೋಧರು ಇನ್ನೂರು ವರ್ಷ ಈ ಕೋಟೆಯಲ್ಲಿ ಕೂತು ಊರನ್ನು ಹಿಂಡಿದರು. ಸಾವಿರದ ನಾನೂರ ಐವತ್ತನಾಲ್ಕರಲ್ಲಿ ಊರಿನವರು ಎದ್ದು ಕೋಟೆ ಹಿಡಿದರು, ಹಿಡಿದು ಸುಮ್ಮನಿರದೆ ಕಲ್ಲು ಕಲ್ಲಾಗಿ ಕೆಡವಿದರು. ಇವತ್ತು ನೆಟ್ಟಗೆ ನಿಂತಿರುವುದು ಒಂದೇ ಗೋಪುರ, ಯೋಧರ ಪಾಯಖಾನೆ. "ಅವರ ನೆನಪಿಗೆ ಇಷ್ಟು ಸಾಕು ಅಂತ ನಮ್ಮವರಿಗೆ ಅನ್ನಿಸಿರಬೇಕು" ಅಂದೆ. ಕಿಂಗಾ ನಕ್ಕಳು, ಆಮೇಲೆ ತಾನು ಪರೀಕ್ಷಕಿ ಅಂತ ನೆನಪಾಗಿ ಕೆಮ್ಮಿದಳು. ಸಲೋಮೆಯಾ ನಗಲಿಲ್ಲ. 'ನಮ್ಮವರು' ಅಂದಿದ್ದನ್ನು ಅವಳು ಗುರುತು ಹಾಕಿಕೊಂಡಳೋ ಏನೋ, ಚೀಲದಿಂದ ಚೀಟಿ ತೆಗೆದು ಏನನ್ನೋ ಗೀಚಿದಳು.

ಹೊಳೆಯ ದಂಡೆಗೆ ಇಳಿದೆವು. ಕಿಂಗಾ ಬೇಕೆಂದೇ ಹಿಂದೆ ಉಳಿಯುತ್ತಿದ್ದಳು, ಫೋಟೋ ತೆಗೆದುಕೊಳ್ಳುವ ಪ್ರವಾಸಿಯ ವೇಷ. ನಾನು ಅವಳನ್ನು ಕರೆಯಲು ಹೋಗಲಿಲ್ಲ. ಸೇತುವೆ ಬಾಗಿಲ ಹತ್ತಿರ ನಿಂತು, "ಇಡೀ ವಿಸ್ಟುಲಾ ಹೊಳೆ ಒಂದೇ ಫೋಟೋದಲ್ಲಿ ಸಿಗೋ ಜಾಗ ಇಲ್ಲಿದೆ" ಅಂದೆ. ಓಡಿ ಬಂದಳು. ಅಂಚೆ ಹಂಚುವವಳಿಗೆ ಜನರನ್ನು ಬಾಗಿಲಿಗೆ ಬರಿಸುವುದು ಗೊತ್ತಿರುತ್ತದೆ.

ದಂಡೆಯಿಂದ ದೊಡ್ಡ ಚರ್ಚಿನ ಗೋಪುರ ತೋರಿಸಿದೆ. ಅದರ ಗಡಿಯಾರಕ್ಕೆ ಒಂದೇ ಮುಳ್ಳು. ಹೊಳೆಯಲ್ಲಿ ಮರದ ದಿಮ್ಮಿ ತೇಲಿಸಿಕೊಂಡು ಬರುತ್ತಿದ್ದವರಿಗಾಗಿ ಇಟ್ಟದ್ದು, ಗಂಟೆ ಗೊತ್ತಾದರೆ ಅವರಿಗೆ ಸಾಕಾಗಿತ್ತು. ನನಗೂ ಸಾಕಾಗಿತ್ತು, ಅಂಚೆ ತಲುಪುವುದಕ್ಕೆ. ಇದನ್ನು ಹೇಳಿದಾಗ ವಲೆರಿಯನ್ ಶೌಚಾಲಯ ಕೇಳುವುದನ್ನು ಮರೆತು ಗಡಿಯಾರವನ್ನೇ ನೋಡುತ್ತಾ ನಿಂತರು. ನನಗೆ ಒಳಗೊಳಗೇ ಗೊತ್ತಾಯಿತು, ಪರೀಕ್ಷೆ ನನ್ನ ಕೈಯಲ್ಲಿದೆ.

ವಾಲಿದ ಗೋಪುರದ ಹತ್ತಿರ ಮಾಡಬೇಕಾದದ್ದನ್ನೇ ಮಾಡಿಸಿದೆ. ಹಿಮ್ಮಡಿ, ಬೆನ್ನು ಗೋಡೆಗೆ ಒತ್ತಿ ಕೈ ಮುಂದೆ ಚಾಚಿ ನಿಲ್ಲಬೇಕು. ಪಾಪ ಮಾಡದವರು ನಿಲ್ಲುತ್ತಾರೆ, ಮಾಡಿದವರು ಮುಗ್ಗರಿಸುತ್ತಾರೆ. ಕಿಂಗಾ ಮೂರು ಎಣಿಸುವುದರೊಳಗೆ ಮುಂದಕ್ಕೆ ಬಂದಳು. ವಲೆರಿಯನ್ ಮೊಣಕಾಲಿನ ನೆಪ ಹೇಳಿದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದೆ. "ಆದರೆ ಇಲ್ಲಿ ಹಾಗಂದ್ರೆ ಸುಳ್ಳಾಗಲ್ಲ. ಕೆಳಗೆ ಸಡಿಲ ಮಣ್ಣು, ಗೋಪುರ ಒಂದೂವರೆ ಮೀಟರ್ ವಾಲಿರೋದು ಅದಕ್ಕೇ. ಪಾಪದ ಕಥೆ ಆಮೇಲೆ ಕಟ್ಟಿದ್ದು." ಸಲೋಮೆಯಾಳನ್ನು ಕರೆದೆ. "ನೀವೂ ನಿಂತು ನೋಡಿ ಮೇಡಂ."

"ನನಗೆ ಬೇಡ" ಅಂದಳು. ಆ ಹೊತ್ತಿನವರೆಗೆ ಅವಳ ಬಾಯಿಂದ ಬಂದದ್ದು ಅಷ್ಟೇ. ಅವಳ ವೇಷ ಯಾವುದು ಅಂತ ನನಗೆ ತಿಳಿದಿರಲಿಲ್ಲ. ಸಿಡುಕಿನ ಮುದುಕಿ ಇರಬೇಕು, ಅದಕ್ಕೆ ವೇಷ ಬೇಕಾಗಿಲ್ಲವಲ್ಲ ಅಂದುಕೊಂಡೆ.

ಕೊಪರ್ನಿಕಸ್ ಹುಟ್ಟಿದ ಬೀದಿಯಲ್ಲಿ ಹಾದು ಹಳೇಪೇಟೆಯ ಚೌಕಕ್ಕೆ ಬಂದಾಗ ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಚೌಕದ ತುಂಬ ಜನ, ಪಾರಿವಾಳ, ಜೇನು ಕಲಸಿದ ಪಿಯೆರ್ನಿಕ್ ಬಿಸ್ಕತ್ತಿನ ವಾಸನೆ. ಕೊಪರ್ನಿಕಸ್ಸನ ವಿಗ್ರಹದ ಕೆಳಗೆ ಅವರನ್ನು ನಿಲ್ಲಿಸಿ ಲ್ಯಾಟಿನ್ ಬರಹ ಓದಿ ಹೇಳಿದೆ: ತೋರುನಿನವನು, ಭೂಮಿಯನ್ನು ನಡೆಸಿ ಸೂರ್ಯನನ್ನು ನಿಲ್ಲಿಸಿದವನು. ಒಂದು ಅಕ್ಷರ ತಪ್ಪಲಿಲ್ಲ. ಇದು ಕೊನೆಯ ಜಾಗ. "ಪ್ರಶ್ನೆ ಏನಾದ್ರೂ ಇದ್ಯಾ?" ಅಂತ ಕೇಳಿದೆ.

ಸಲೋಮೆಯಾ ಕೈಚೀಲ ಒಂದು ಕೈಗೆ ಬದಲಿಸಿಕೊಂಡಳು.

"ನಾನು ಬಿದ್ಗೊಶ್ಚಿನಿಂದ ಬಂದಿದ್ದೀನಿ" ಅಂದಳು.

ನನಗೆ ನಗು ಬಂತು, ತಡೆದುಕೊಂಡೆ. "ಬಹಳ ಸಂತೋಷ ಮೇಡಂ. ಚೆಂದದ ಊರು."

"ಗೊತ್ತಿದೆ ನನಗೆ. ನೀವು ಎರಡು ಗಂಟೆ ನಡೆಸಿದ್ರಿ. ಕೆಂಪು ಇಟ್ಟಿಗೆ ನೋಡಿದ್ದಾಯ್ತು. ಅಲ್ಲೂ ಇಟ್ಟಿಗೆ, ಇಲ್ಲೂ ಇಟ್ಟಿಗೆ. ನಮ್ಮಲ್ಲಿ ಊರ ನಡುವೆ ಬ್ರದಾ ಹೊಳೆ ಹರಿಯುತ್ತೆ, ದಡದಲ್ಲಿ ಕಣಜಗಳ ಸಾಲು, ಪಕ್ಕದಲ್ಲಿ ಸಂಗೀತ ನಾಟಕದ ದೊಡ್ಡ ಮಂದಿರ. ನಿಮ್ಮ ಹೊಳೆ ಊರ ಹೊರಗೇ ನಿಂತಿದೆ, ಕರೆಯದೆ ಬಂದ ನೆಂಟನ ಹಾಗೆ."

ಇದು ನನ್ನ ಮಾತು. ಕರೆಯದೆ ಬಂದ ನೆಂಟ ಅನ್ನುವುದು ಕೂಡ ನನ್ನದೇ. ಹತ್ತು ವರ್ಷದ ಹಿಂದೆ ನನ್ನ ಅಡುಗೆಮನೆಯಲ್ಲಿ, ಚಹಾ ಸೋಸುತ್ತಾ ಹೇಳಿದ್ದು. ಇವಳು ಅದನ್ನು ಪದ ಬಿಡದೆ ಇಟ್ಟುಕೊಂಡಿದ್ದಾಳೆ.

"ಬ್ರದಾ ದಂಡೆ ನಿಜವಾಗ್ಲೂ ಚೆಂದ ಮೇಡಂ" ಅಂದೆ. "ಎರಡೂ ಊರನ್ನ ನೋಡಿ ಹೋಗೋರೇ ಪುಣ್ಯವಂತರು."

"ವಿಮಾನ ನಿಲ್ದಾಣ ಇಲ್ಲ ಇಲ್ಲಿ."

"ಇಲ್ಲ ಮೇಡಂ. ನಡ್ಕೊಂಡು ನೋಡೋ ಊರು ಇದು."

ವಲೆರಿಯನ್ ಮೆಲ್ಲಗೆ ತಲೆಯಾಡಿಸಿದರು. ಉತ್ತರ ಚೆನ್ನಾಗಿತ್ತು, ನನಗೂ ಗೊತ್ತಿತ್ತು. ಇನ್ನು ಎರಡು ಪ್ರಶ್ನೆ ತಡೆದುಕೊಂಡರೆ ಬಿಲ್ಲೆ ನನ್ನದು.

"ಈ ಕೊಪರ್ನಿಕಸ್ ವಿಷಯಾನೇ ತಗೊಳ್ಳಿ" ಅಂದಳು ಸಲೋಮೆಯಾ. "ಹುಟ್ಟಿದ್ದೊಂದು ಇಲ್ಲಿ. ಓದೋಕೆ ಅಂತ ಹೊರಟವನು ಮತ್ತೆ ಬಂದು ನೆಲೆಸಲಿಲ್ಲ. ಅಂಥ ಬುದ್ಧಿವಂತನೇ ನಿಲ್ಲದ ಊರಲ್ಲಿ ಇವರು ಅವನ ವಿಗ್ರಹ ನಿಲ್ಲಿಸ್ಕೊಂಡು ಕೂತಿದ್ದಾರೆ."

ಇದೂ ನನ್ನದೇ. ಕಿವಿ ಬಿಸಿಯಾಗತೊಡಗಿತು. "ಮಕ್ಕಳು ಎಲ್ಲಿಗೆ ಹೋದ್ರೂ ಹೆತ್ತ ಊರು ಹೆತ್ತ ಊರೇ ಅಲ್ವಾ ಮೇಡಂ?"

"ಊರು ಬಿಡಿ. ಜನಾನ ನೋಡಿ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ದನಿ ಏರಿಸಲಿಲ್ಲ. "ತೋರುನ್ ಜನರಷ್ಟು ಕಲ್ಲು ಮನಸ್ಸಿನವರನ್ನ ನಾನು ಕಂಡಿಲ್ಲ. ಹೊರಗಿನಿಂದ ಒಬ್ಬಳು ಬಂದ್ರೆ, ಮೂವತ್ತು ವರ್ಷ ಅವರ ಮಧ್ಯೆ ಬಾಳಿದ್ರೂ ನಮ್ಮವಳು ಅನ್ನಲ್ಲ. ಸತ್ತ ಮೇಲೆ ಸಮಾಧಿ ಕಲ್ಲಿನ ಮೇಲೂ ಹೊರಗಿನವಳು ಅಂತಾನೇ ಕೆತ್ತಿಸ್ತಾರೆ. ಇಂಥ ಜನರ ಊರಿಗೆ ಗೋಪುರ ಇದ್ದರೇನು, ಇಲ್ಲದಿದ್ದರೇನು?"

ಆ ಮಾತನ್ನು ನಾನು ಎಂದೂ ಅವಳಿಗೆ ಹೇಳಿರಲಿಲ್ಲ. ಗಂಡನ ಹತ್ತಿರ ಹೇಳಿದ್ದೆ, ಒಂದು ಸಲ, ಅಳುತ್ತಾ. ಅವನು ಹೇಳಿರಬೇಕು. ಅದನ್ನು ಅವಳ ಬಾಯಲ್ಲಿ, ಹಾಗೆ ಚೌಕದ ನಡುವೆ ನಿಂತು ಕೇಳಿದಾಗ ನನಗೆ ಆಗಬೇಕಾದದ್ದು ಏನು? ನಿಜ ಒಪ್ಪಿಕೊಂಡಳಲ್ಲ ಅಂತ ಸಮಾಧಾನವಾಗಬೇಕಿತ್ತು. ಆದದ್ದು ಬೇರೆ. ಮೈಯೆಲ್ಲ ಉರಿದುಹೋಯಿತು. ಎಲ್ಲಿಂದಲೋ ಬಂದ ಒಬ್ಬಳು ನಮ್ಮೂರಿನ ಚೌಕದಲ್ಲಿ ನಿಂತು ನಮ್ಮ ಜನರನ್ನು ಆಡಿಕೊಳ್ಳುತ್ತಿದ್ದಾಳೆ ಅನ್ನುವುದೊಂದೇ ತಲೆಯಲ್ಲಿ ಉಳಿಯಿತು.

"ಸ್ವಲ್ಪ ನಿಲ್ಸಿ ಮೇಡಂ" ಅಂದೆ. "ನಮ್ಮ ಜನರ ವಿಷಯ ನಿಮಗೇನು ಗೊತ್ತು? ನಾನು ಇಲ್ಲಿ ಅಂಚೆ ಹಂಚ್ತಿದ್ದೆ. ಒಂದು ಜನವರಿ, ಇಕ್ಕಟ್ಟು ಓಣಿಯ ಮಂಜಿನ ಮೇಲೆ ಜಾರಿ ಕಾಲು ಮುರ್ಕೊಂಡೆ. ನನ್ನನ್ನ ಆಸ್ಪತ್ರೆಗೆ ಕಳಿಸಿ, ಆ ಬೀದಿಯ ನಾಲ್ಕು ಮನೆಯವರು ನನ್ನ ಚೀಲ ಹೊತ್ಕೊಂಡು ಹೋಗಿ ಒಂದೊಂದು ಕಾಗದಾನೂ ಮನೆ ಮನೆಗೆ ಮುಟ್ಟಿಸಿದ್ರು. ಒಂದೂ ತಪ್ಪು ಮನೆಗೆ ಹೋಗ್ಲಿಲ್ಲ. ಕಲ್ಲು ಮನಸ್ಸು ಅಂತೀರಾ? ಆರು ವಾರ, ದಿನಾ, ಒಂದು ದಿನ ಬಿಡದೆ ಸೂಪಿನ ಪಾತ್ರೆ ಹೊತ್ಕೊಂಡು ಮೂರು ಮಹಡಿ ಹತ್ತಿ ಬಂದವಳು ಈ ಊರಿನವಳೇ. ಬಂದು ಬಯ್ತಿದ್ಲು, ಹೌದು. ನಿಮ್ಮೂರಲ್ಲಿ ನೆಟ್ಟಗೆ ನಡೆಯೋದು ಕಲಿಸಲ್ವಾ ಅಂತ ಬಯ್ತಾ ತಲೆ ಬಾಚ್ತಿದ್ಲು. ಅವಳಿಗೂ ಮಂಡಿ ನೋವು. ಅಂಥವಳು ಒಬ್ಬಳನ್ನ ತೋರಿಸಿ ನಿಮ್ಮ ಬಿದ್ಗೊಶ್ಚಲ್ಲಿ."

ಸಲೋಮೆಯಾ ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ನಾನು ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಬಾಯಿಗೆ ಹಿಡಿತ ತಪ್ಪಿತ್ತು.

"ಕಣಜ ಅಂತೆ, ಬ್ರದಾ ಅಂತೆ. ನಮ್ಮೂರಿಗೆ ಪಟ್ಟಣದ ಹಕ್ಕು ಸಿಕ್ಕಿ ನೂರು ವರ್ಷ ಆದ ಮೇಲೂ ನಿಮ್ಮೂರಲ್ಲಿ ಕಪ್ಪೆ ವಟಗುಟ್ಟುತ್ತಿತ್ತು. ದೊಡ್ಡದೊಂದು ರೈಲ್ವೆ ಸ್ಟೇಷನ್ನು, ಸುತ್ತ ನಾಲ್ಕು ಮನೆ, ಅದಕ್ಕೆ ಪಟ್ಟಣ ಅಂತ ಹೆಸರು. ಅಲ್ಲಿ ನೋಡೋ ಅಂಥದ್ದು ಒಂದೇ, ತೋರುನ್‌ಗೆ ಬರೋ ರೈಲು."

ಕಿಂಗಾ ಫೋನಿನಿಂದ ತಲೆ ಎತ್ತಿದ್ದಳು. ವಲೆರಿಯನ್ ಕನ್ನಡಕ ತೆಗೆದು ಒರೆಸುತ್ತಿದ್ದರು.

ಆಗ ಅರಿವಾಯಿತು ಏನು ಮಾಡಿದೆ ಅಂತ. ಅತಿಥಿಯ ಊರನ್ನು ತೆಗಳಿದ್ದೆ, ಅದೂ ನನ್ನ ತವರನ್ನು. ಬ್ರದಾ ದಂಡೆಯ ಮನೆಯಲ್ಲಿ ನನ್ನನ್ನು ಹೆತ್ತು ಸಾಕಿದ ಅಮ್ಮ ಇದನ್ನು ಕೇಳಿದ್ದರೆ ಸೌಟು ತೆಗೆದುಕೊಂಡು ಬರುತ್ತಿದ್ದಳು. ನಾಚಿಕೆಯಾಯಿತು, ಸಂಕಟವೂ ಆಯಿತು. ಇಡೀ ಚಳಿಗಾಲದ ಓದು, ಇಪ್ಪತ್ತೆಂಟು ವರ್ಷದ ನಡಿಗೆ, ಎಲ್ಲ ಒಂದು ಉಸಿರಿನಲ್ಲಿ ಹೋಯಿತು. ಒಬ್ಬಳು ಅಂಚೆಯವಳು ಬಾಯಿ ಹಿಡಿದುಕೊಳ್ಳಲಾರದೆ ಬಿಲ್ಲೆ ಕಳೆದುಕೊಂಡಳು.

"ಮುಗೀತು" ಅಂದಳು ಸಲೋಮೆಯಾ. ಈಗ ಅವಳದೇ ದನಿ. "ಅಲ್ಲಿ ಹೋಗಿ ಕೂತ್ಕೊ."

ಪಿಟೀಲು ನುಡಿಸುವವನ ವಿಗ್ರಹವಿರುವ ಕಾರಂಜಿಯ ಅಂಚಿನಲ್ಲಿ ಕೂತೆ. ಮೂವರೂ ಸ್ವಲ್ಪ ದೂರ ನಿಂತು ಮಾತಾಡಿದರು. ದೂರ ಅಂದರೆ ಹತ್ತು ಹೆಜ್ಜೆ, ಎಲ್ಲ ಕೇಳಿಸುತ್ತಿತ್ತು.

"ಮಿಕ್ಕಿದ್ದೆಲ್ಲ ನೂರಕ್ಕೆ ನೂರು" ಅಂದರು ವಲೆರಿಯನ್. "ಆ ಗಡಿಯಾರದ ಮಾತು ನನಗೇ ಹೊಳೆದಿರಲಿಲ್ಲ. ಕೊಟ್ಟುಬಿಡೋಣ."

"ನಾನೂ ಪಾಸು ಅಂತೀನಿ" ಅಂದಳು ಕಿಂಗಾ.

"ಆಗಲ್ಲ" ಅಂದಳು ಸಲೋಮೆಯಾ. "ಅತಿಥಿಯ ಊರನ್ನ ಕಪ್ಪೆ ಹೊಂಡ ಅಂದಿದ್ದಾಳೆ. ನಿಯಮ ನಿಯಮಾನೇ. ಫೇಲು."

ಅವಳು ಬಂದು ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಅನುತ್ತೀರ್ಣ, ಅಕ್ಟೋಬರಿನಲ್ಲಿ ಮತ್ತೆ ಬರತಕ್ಕದ್ದು, ಕೆಳಗೆ ಅವಳ ಸಹಿ. ನಾನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದೆ. ಅಳು ಬರುತ್ತಿತ್ತು, ಆದರೆ ಅವಳ ಮುಂದೆ ಅಳುವುದಿಲ್ಲ ಅಂತ ಮೂವತ್ತನಾಲ್ಕು ವರ್ಷದಿಂದ ಹಟ.

ವಲೆರಿಯನ್ ನನ್ನ ಪಕ್ಕ ಕೂತು ಕಾಲು ನೀಡಿದರು. "ಬೇಜಾರು ಮಾಡ್ಕೊಬೇಡಿ ಅಮ್ಮಾ. ಈ ಬಿದ್ಗೊಶ್ಚಿನ ಅತಿಥಿಯ ವೇಷ ನಮ್ಮ ಪರೀಕ್ಷೆಯಲ್ಲಿ ಮೊದಲಿಂದಲೂ ಇದೆ. ನಾನು ಎರಡು ಸಲ ಬಿದ್ದೆ ಆ ವೇಷದ ಕೈಲಿ. ಇಲ್ಲಿಯವರು ಯಾರೂ ಮೊದಲನೇ ಸಲ ಪಾಸಾಗಿಲ್ಲ. ಬೇರೆ ಊರಿನವರಿಗೆ ಮಾತ್ರ ಇದು ಸುಲಭ, ನಕ್ಕು ಮುಂದೆ ಹೋಗ್ತಾರೆ."

"ನಾನು ಓಲ್ಶ್ತಿನ್ ಕಡೆಯವಳು" ಅಂದಳು ಕಿಂಗಾ. "ನನಗೆ ಜಗಳ ಯಾತಕ್ಕೆ ಅಂತಾನೇ ಅರ್ಥ ಆಗ್ಲಿಲ್ಲ. ಒಂದೇ ಸಲಕ್ಕೆ ಪಾಸು."

"ಅದಕ್ಕೇ ನಿನ್ನನ್ನ ಇನ್ನೂ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ" ಅಂದರು ವಲೆರಿಯನ್.

ನಾನು ಅತ್ತಿಗೆಯ ಕಡೆ ನೋಡಿದೆ. "ನೀವು?"

"ಮೂರು ಸಲ" ಅಂದಳು ಸಲೋಮೆಯಾ. ಚೌಕದ ಆಚೆ ಬದಿಯ ಮನೆಗಳನ್ನು ನೋಡುತ್ತಾ ಅಂದಳು. "ಮೂರನೇ ಸಲ ಪರೀಕ್ಷಕನ ಟೋಪಿ ಕಿತ್ತು ನೀರಿಗೆ ಎಸೆದಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಪಾಸಾಗ್ತೀಯ ಅಂದ್ಕೊಂಡಿದ್ದೆ ಕಣೇ. ಹೊರಗಿನವಳು, ಪಾಸಾಗೇ ಆಗ್ತಾಳೆ ಅಂತ ನಿನ್ನ ಗಂಡನ ಹತ್ರ ಪಂದ್ಯ ಕಟ್ಟಿದ್ದೆ. ಆ ವೇಷ ನಾನೇ ಕೇಳಿ ತಗೊಂಡಿದ್ದು. ಆ ಸೂಪಿನ ವಿಷಯ ಎತ್ತಬೇಕಾಗಿರಲಿಲ್ಲ ನೀನು. ಅಷ್ಟು ಜನರ ಮುಂದೆ."

"ನೀವು ಸಮಾಧಿ ಕಲ್ಲಿನ ವಿಷಯ ಎತ್ತಬೇಕಾಗಿತ್ತಾ?"

"ಅದು ನನಗೆ ಎರಡು ವರ್ಷದಿಂದ ನಿದ್ದೆ ಕೆಡಿಸಿತ್ತು" ಅಂದಳು. "ಯಾರಾದ್ರೂ ಅದಕ್ಕೆ ಉತ್ತರ ಹೇಳಲಿ ಅಂತಿದ್ದೆ. ನೀನೇ ಹೇಳ್ತೀಯ ಅಂದ್ಕೊಂಡಿರಲಿಲ್ಲ."

ನಾನು ಏನನ್ನೋ ಹೇಳಲು ಹೊರಟೆ. ಅಷ್ಟರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಗಂಡ ಹೆಂಡತಿ ಇಬ್ಬರು ನಮ್ಮ ಮುಂದೆ ಬಂದು ನಿಂತರು. ದಕ್ಷಿಣದ ಗುಡ್ಡಗಾಡಿನ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಹೆಂಗಸು ನನ್ನ ಕಡೆ ತಿರುಗಿ, "ಕ್ಷಮಿಸಿ, ನೀವು ಇಲ್ಲಿಯವರಾ? ವಾಲಿದ ಗೋಪುರಕ್ಕೆ ಹೇಗೆ ಹೋಗೋದು?" ಅಂದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿದೆ. ಇರೋದು ಇಲ್ಲೇ, ಆದರೆ ಹುಟ್ಟಿದ್ದು ಬೇರೆ ಕಡೆ. ಅತ್ತಿಗೆ ಪಕ್ಕದಲ್ಲಿದ್ದಾಗ ಅದನ್ನು ಹೇಳುವುದಕ್ಕೆ ನನಗೆ ಅವಕಾಶವೇ ಸಿಗುವುದಿಲ್ಲ, ಮೊದಲೇ ಅವಳು ಹೇಳಿಬಿಟ್ಟಿರುತ್ತಾಳೆ, 'ಇವಳು ಬಿದ್ಗೊಶ್ಚಿನವಳು, ಇವಳನ್ನು ಕೇಳಬೇಡಿ' ಅಂತ. ಬಾಯಿ ತೆರೆದೆ.

"ಇಲ್ಲಿಯವಳೇ" ಅಂದಳು ಸಲೋಮೆಯಾ. "ನಮ್ಮ ಲುದ್ವಿಕಾ. ಕೇಳಿ, ಇವಳಷ್ಟು ಚೆನ್ನಾಗಿ ಯಾರೂ ಹೇಳಲ್ಲ."

ಎರಡು ಗಂಟೆ ನಿಲ್ಲಿಸದೆ ಮಾತಾಡಿದವಳು ನಾನು. ಆ ಗೋಪುರಕ್ಕೆ ಚೌಕದಿಂದ ಎಷ್ಟು ಹೆಜ್ಜೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಕಣ್ಣು ತುಂಬಿ ಚೌಕವೇ ಮಸುಕಾಯಿತು. ಕೈ ಎತ್ತಿ ಕೊಪರ್ನಿಕಸ್ ಬೀದಿಯ ಕಡೆ ತೋರಿಸಿದೆ. ಆ ಹೆಂಗಸು ಅರ್ಥವಾಗದೆ ಅತ್ತಿಗೆಯ ಮುಖ ನೋಡಿದಳು.

ಅತ್ತಿಗೆ ನನ್ನ ಬದಲು ದಾರಿ ಹೇಳಲು ಹೋಗಲಿಲ್ಲ. "ಒಂದು ನಿಮಿಷ ಇರಿ, ಹೇಳ್ತಾಳೆ" ಅಂತ ಅವರಿಬ್ಬರನ್ನೂ ಅಲ್ಲೇ ಬಿಸಿಲಿನಲ್ಲಿ ನಿಲ್ಲಿಸಿಕೊಂಡರು, ನಾನು ಕಣ್ಣೊರೆಸಿಕೊಳ್ಳುವವರೆಗೂ.